ಭಾಲಜಿ ಪೆಂಢಾರಕರ: ಗಡಿಯ ಈಚೆಯಿಂದ ಕಂಡಂತೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿಯಿತ್ತು. ಊಟದ ತಾಟಿನಷ್ಟು ಅಗಲ, ಎರಡು ಬೆರಳಿನಷ್ಟು ಎತ್ತರ, ದುಂಡಗಿನ ಆಕಾರ. ಒಂದು ಮಗ್ಗುಲು ಕರ್ರಗೆ ಸುಟ್ಟಿತ್ತು. ಅಪ್ಪ ಅದರಲ್ಲಿ ತಂಬಾಕಿನ ಬೀಜ ಇಡುತ್ತಿದ್ದರು. ತಂಬಾಕಿನ ಬೀಜ ಸಾಸಿವೆಗಿಂತಲೂ ಸಣ್ಣದು. ಗಾಳಿ ಬೀಸಿದರೆ ಹಾರಿಹೋಗುವಂಥದು. ಬಿಗಿಯಾದ ಮುಚ್ಚಳವಿರುವ ಡಬ್ಬಿ ಅದಕ್ಕೆ ಬಹಳ ಒಳ್ಳೆಯದು. ಹುಡುಗನಾಗಿದ್ದಾಗ ಇದೆಲ್ಲಿಯದೆಂದು ಕೇಳಿದರೆ ಅಪ್ಪ, “ಅದು ಸಿನೇಮಾದ ಡಬ್ಬಿ ಐತಿ. ಕೊಲ್ಲಾಪುರದಾಗಿಂದು,” ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋಗುತ್ತಿದ್ದರು. ಕೊಂಡದ್ದೋ, ಯಾರಾದರೂ ಕೊಟ್ಟದ್ದೋ, ಅದನ್ನು ಹೇಳುತ್ತಿರಲಿಲ್ಲ.

ಆ ಡಬ್ಬಿಯ ಜಾಡು ಹಿಡಿದು ಹೋಗಿಯೇ ನಾನು ಭಾಲಜಿ ಪೆಂಢಾರಕರ ಎಂಬ ಹೆಸರಿನ ಬಳಿಗೆ ಬಂದದ್ದು. ಮರಾಠಿ ಚಿತ್ರಪಟಗಳ ಆ ದಿಗ್ದರ್ಶಕನ ಮೇಲೆ ಒಬ್ಬ ಕನ್ನಡಿಗ ಏಕೆ ಬರೆಯಬೇಕೆಂದು ವಾಚಕರು ಕೇಳಬಹುದು. ಕೇಳುವವರು ಬೆಂಗಳೂರಿನವರೋ ಮೈಸೂರಿನವರೋ ಆಗಿದ್ದರೆ ಅವರಿಗೆ ನಮ್ಮ ಸೀಮೆಯ ಭೂಗೋಲವನ್ನು ಸ್ವಲ್ಪ ಹೇಳಬೇಕಾಗುತ್ತದೆ. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 25 ಮೈಲಿ. ಬೆಳಗಾವಿಯಾದರೋ ಅದರ ಇಮ್ಮಡಿಗೆ ಸಮೀಪ. ಕಾಗವಾಡದವನಿಗೆ ಮಿರಜ ಮಗ್ಗುಲ ಮನೆ. ಅಥಣಿಯ ವ್ಯಾಪಾರಿ ಸಾಂಗಲಿಯ ಪೇಟೆ ಬಲ್ಲಷ್ಟು ಧಾರವಾಡದ ಪೇಟೆಯನ್ನು ಬಲ್ಲವನಲ್ಲ. ಇನ್ನು ರಾಯಬಾಗ! ಅದು 1949ರವರೆಗೆ ಕೊಲ್ಲಾಪುರ ಸಂಸ್ಥಾನದ್ದೇ ಒಂದು ಭಾಗವಾಗಿತ್ತು. ಸುತ್ತಲೂ ಬ್ರಿಟಿಷರ ಬೆಳಗಾವಿ ಜಿಲ್ಲೆ, ನಡುವೆ ಛತ್ರಪತಿಗಳ ಒಂದು ಕನ್ನಡ ತುಣುಕು. ಅಲ್ಲಿಯ ರೈತ ಕನ್ನಡದಲ್ಲಿ ಬಿತ್ತಿ, ಕನ್ನಡದಲ್ಲಿ ಬೆಳೆದು, ಕೊಲ್ಲಾಪುರದ ಸರಕಾರಕ್ಕೆ ಕಂದಾಯ ಕಟ್ಟುತ್ತಿದ್ದ. ಅಥಣಿಯಲ್ಲಿ ಹೊಲಿದ ಚಪ್ಪಲಿ ‘ಕೊಲ್ಲಾಪುರಿ’ ಎಂಬ ಹೆಸರಿನಿಂದ ದೇಶವೆಲ್ಲ ತಿರುಗುವುದನ್ನು ಎಲ್ಲರೂ ಬಲ್ಲರು. ಸಿನೇಮಾದ ವಿಷಯವೂ ಇದಕ್ಕಿಂತ ಬಹಳ ಬೇರೆಯದಲ್ಲ.

ಭಾಲಚಂದ್ರ ಗೋಪಾಳ ಪೆಂಢಾರಕರ ಕೊಲ್ಲಾಪುರದಲ್ಲಿ ಹುಟ್ಟಿದ್ದು 1897ರ ಮೇ 3ರಂದು. ಮನೆತನವೇ ಮುಂದೆ ಚಿತ್ರಸೃಷ್ಟಿಗೆ ಮೀಸಲಾದಂಥದು. ಅಣ್ಣ ಬಾಬೂರಾವ ಪೆಂಢಾರಕರ ಹೆಸರಾಂತ ನಟ, ಮಲತಮ್ಮ ಮಾಸ್ಟರ್ ವಿನಾಯಕ ನಟ, ದಿಗ್ದರ್ಶಕ, ವ್ಹಿ. ಶಾಂತಾರಾಮರು ಹತ್ತಿರದ ನೆಂಟರು. ಆದರೆ ಭಾಲಜಿ ನೇರವಾಗಿ ಕ್ಯಾಮರಾದ ಬಳಿಗೆ ಬಂದವರಲ್ಲ. ಪುಣೆಯಲ್ಲಿ ತಿಲಕರ ‘ಕೇಸರಿ’ಯಲ್ಲಿ ಕೆಲಸ ಮಾಡಿದರು, ಕೆಲಕಾಲ ಸೈನ್ಯದಲ್ಲಿದ್ದರು, ನಾಟಕಗಳನ್ನು ಬರೆದರು. ಪತ್ರಿಕೆಯವನ ಹಟ, ಸಿಪಾಯಿಯ ಶಿಸ್ತು, ನಾಟಕಕಾರನ ಮಾತುಗಾರಿಕೆ, ಈ ಮೂರನ್ನೂ ಅವರ ಚಿತ್ರಗಳಲ್ಲಿ ಕಾಣಬಹುದು. ಕೆಲವು ಸಲ ಬೇಕಾದುದಕ್ಕಿಂತ ಹೆಚ್ಚಾಗಿಯೇ ಕಾಣುತ್ತವೆ.

ಅವರಿಗೆ ಮೊದಲೇ ಕೊಲ್ಲಾಪುರದಲ್ಲಿ ಸಿನೇಮಾದ ಒಲೆ ಹೊತ್ತಿತ್ತು. ಬಾಬೂರಾವ ಪೇಂಟರ್ ಎಂದು ಖ್ಯಾತರಾದ ಬಾಬೂರಾವ ಮೇಸ್ತ್ರಿಯವರು ನಾಟಕದ ಪರದೆಗಳನ್ನು ಬರೆಯುತ್ತಿದ್ದ ಕೈಯಿಂದಲೇ ಕ್ಯಾಮರಾ ಕಟ್ಟಿ, ‘ಮಹಾರಾಷ್ಟ್ರ ಫಿಲ್ಮ್ ಕಂಪನಿ’ ತೆಗೆದು, 1920ರಲ್ಲಿ ‘ಸೈರಂಧ್ರಿ’ ಎಂಬ ಮೂಕಚಿತ್ರವನ್ನು ಹೊರತಂದಿದ್ದರು. ಅವರ ಗರಡಿಯಲ್ಲಿ ತಯಾರಾದವರು 1929ರಲ್ಲಿ ‘ಪ್ರಭಾತ’ ಕಂಪನಿ ಕಟ್ಟಿದರು. ಬಡಿಗರು, ಕಮ್ಮಾರರು, ಚಿತ್ರಕಾರರು ಸೇರಿ ಕಟ್ಟಿದ ಉದ್ಯೋಗವಿದು. ಮುಂಬಯಿಯ ಸೇಠಜಿಗಳ ಹಣದಿಂದ ಹುಟ್ಟಿದ್ದಲ್ಲ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಭಾಲಜಿಯವರ ಎಲ್ಲ ಒಳ್ಳೆಯ ಗುಣಗಳಿಗೂ ಈ ಕೈಕಸಬಿನ ಊರಿನ ಋಣವಿದೆ.

ಭಾಲಜಿಯವರ ಮೊದಲ ಜಗಳ ಬ್ರಿಟಿಷ್ ಸರಕಾರದೊಂದಿಗೆ. 1926-27ರ ಸುಮಾರಿಗೆ ಅವರು ‘ವಂದೇ ಮಾತರಂ ಆಶ್ರಮ’ ಎಂಬ ಮೂಕಚಿತ್ರ ತೆಗೆದರು. ಲಾಲಾ ಲಜಪತರಾಯ್, ಮದನಮೋಹನ ಮಾಲವೀಯರ ವಿಚಾರಗಳ ಛಾಯೆಯಿದ್ದ ಆ ಚಿತ್ರ ಆಂಗ್ಲರ ಶಿಕ್ಷಣಪದ್ಧತಿಯನ್ನು ಹೀಯಾಳಿಸಿತ್ತು. ಸೆನ್ಸಾರಿನ ಕತ್ತರಿ ಒಂದು ಸಲವಲ್ಲ, ಹಲವು ಸಲ ಆಡಿತು. ಕೆಲಕಾಲ ಚಿತ್ರಕ್ಕೆ ತಡೆಯೂ ಬಂತು. ಕೊನೆಗೆ ಹೊರಬಂದದ್ದು ಕೈಕಾಲು ಕತ್ತರಿಸಿದ ಚಿತ್ರ. ಮಾತೇ ಇಲ್ಲದ ಚಿತ್ರಕ್ಕೆ ಸರಕಾರ ಅಷ್ಟು ಹೆದರಿತೆಂದರೆ ಅದರಲ್ಲಿ ಏನೋ ಇದ್ದಿರಬೇಕು. ಇಂದು ಅದನ್ನು ನೋಡಿ ತೀರ್ಮಾನ ಮಾಡುವಂತಿಲ್ಲ. ಭಾರತದಲ್ಲಿ ತಯಾರಾದ 1,300ರಷ್ಟು ಮೂಕಚಿತ್ರಗಳಲ್ಲಿ ಇಂದು ಉಳಿದಿರುವುದು ಮೂವತ್ತರಷ್ಟೂ ಇಲ್ಲವೆಂದು ಬಲ್ಲವರು ಹೇಳುತ್ತಾರೆ.

ಬೋಲಪಟದ ಕಾಲ ಬಂದಾಗ ಭಾಲಜಿಯವರ ಭಾಗ್ಯ ತೆರೆಯಿತು. ಮಾತು ಅವರ ಆಯುಧವಷ್ಟೆ. 1932ರ ‘ಶ್ಯಾಮಸುಂದರ’ ಮುಂಬಯಿಯ ಒಂದೇ ಚಿತ್ರಮಂದಿರದಲ್ಲಿ ಇಪ್ಪತ್ತೈದು ವಾರಗಳನ್ನು ದಾಟಿ ಓಡಿತು. ರಜತಮಹೋತ್ಸವ ಕಂಡ ಮೊದಲ ಭಾರತೀಯ ಚಿತ್ರವೆಂಬ ಹೆಸರು ಅದಕ್ಕಿದೆ. ಕೃಷ್ಣನ ಪಾತ್ರದ ಶಾಹೂ ಮೋಡಕ, ರಾಧೆಯ ಪಾತ್ರದ ಶಾಂತಾ ಆಪಟೆ, ಇಬ್ಬರೂ ಆಗ ಹೊಸಬರು. ಮರುವರ್ಷ ಪ್ರಭಾತ ಕಂಪನಿ ಕೊಲ್ಲಾಪುರ ಬಿಟ್ಟು ಪುಣೆಗೆ ಹೋಯಿತು. ತಮ್ಮ ಊರಿನ ಉದ್ಯೋಗ ಊರು ಬಿಡುವುದನ್ನು ಕಂಡು ರಾಜಾರಾಮ ಮಹಾರಾಜರು ‘ಕೊಲ್ಲಾಪುರ ಸಿನೇಟೋನ್’ ಎಂಬ ಸಂಸ್ಥೆಗೆ ನೆರಳಾಗಿ ನಿಂತರು. ಅದರ ‘ಆಕಾಶವಾಣಿ’ (1934) ಚಿತ್ರವನ್ನು ದಿಗ್ದರ್ಶಿಸಿದವರು ಭಾಲಜಿ.

ಇದೇ ಹೊತ್ತಿನಲ್ಲಿ, ಇದೇ ಊರಿನ ಇನ್ನೊಂದು ಸ್ಟುಡಿಯೊದಲ್ಲಿ ನಮ್ಮ ಕನ್ನಡವೂ ಬಾಯಿ ಬಿಡುತ್ತಿತ್ತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸಿನೇಟೋನಿನಲ್ಲಿ. ವೈ. ವಿ. ರಾವ್ ದಿಗ್ದರ್ಶಕರು, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತು, ಹಾಡು, ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬಾ ಮೊದಲಾದವರ ತಂಡ ಮೈಸೂರು ಸೀಮೆಯಿಂದ ಅಷ್ಟು ದೂರ ಬಂದು ಬೀಡುಬಿಟ್ಟಿತ್ತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಆ ಚಿತ್ರ ತೆರೆ ಕಂಡಿತು. ಕನ್ನಡ ಚಿತ್ರರಂಗದ ತೊಟ್ಟಿಲು ತೂಗಿದ್ದು ಇಂದು ‘ಮಹಾರಾಷ್ಟ್ರ’ವೆನಿಸಿದ ಊರಿನಲ್ಲಿ ಎಂಬುದನ್ನು ಗಡಿಯ ಎರಡೂ ಬದಿಯ ಭಾಷಣಕಾರರು ಒಮ್ಮೆ ನೆನೆಯುವುದು ಒಳ್ಳೆಯದು. ನೆನೆಯುವುದಿಲ್ಲ, ಆ ಮಾತು ಬೇರೆ.

ಭಾಲಜಿಯವರ ಹೆಸರು ನಮ್ಮ ಹಳ್ಳಿಗಳಿಗೆ ಮುಟ್ಟಿದ್ದು ಕುದುರೆಯ ಚಿತ್ರಗಳಿಂದ. ಹಾಗೆಂದು ಕರೆಯುತ್ತಿದ್ದವರು ನಮ್ಮ ಜನ. ‘ನೇತಾಜಿ ಪಾಲಕರ’ 1939ರಲ್ಲಿ ಬಂತು. ಅದೇ ವರ್ಷ ಅಮೇರಿಕೆಯಲ್ಲಿ ಜಾನ್ ಫೋರ್ಡ್ ಎಂಬ ದಿಗ್ದರ್ಶಕ ‘ಸ್ಟೇಜ್‌ಕೋಚ್’ ತೆಗೆದ. ಅಲ್ಲಿಯ ಪಶ್ಚಿಮ ಸೀಮೆಯ ಬಟ್ಟಬಯಲು, ಕೆಂಪುಗಲ್ಲಿನ ಗುಡ್ಡ, ಓಡುವ ಕುದುರೆ, ಬಂದೂಕು. ಇಲ್ಲಿ ಪನ್ಹಾಳದ ಇಳಿಜಾರು, ಮಾವಳೆಯರ ಪಗಡಿ, ಕತ್ತಿ, ಭರ್ಚಿ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದ್ದರೋ ಇಲ್ಲವೋ, ಇಬ್ಬರೂ ಮಾಡಿದ್ದು ಒಂದೇ ತರಹದ ಕೆಲಸ. ತಮ್ಮ ಜನಕ್ಕೆ ಒಂದು ಹುಟ್ಟುಕತೆಯನ್ನು ಕುದುರೆಯ ಬೆನ್ನಿನ ಮೇಲೆ ಕೂರಿಸಿ ತೋರಿಸಿದರು. ಇಬ್ಬರ ಮೇಲೂ ಬಂದ ಆಕ್ಷೇಪವೂ ಒಂದೇ: ಕತೆಯಲ್ಲಿ ಎದುರು ನಿಂತವನಿಗೆ ಮುಖವೇ ಇಲ್ಲ. ಫೋರ್ಡನ ಚಿತ್ರಗಳಲ್ಲಿ ಅಮೇರಿಕೆಯ ಮೂಲನಿವಾಸಿಗಳು ಗುಂಡಿಗೆ ಬೀಳುವ ಗೊಂಬೆಗಳು. ಭಾಲಜಿಯವರಲ್ಲಿ ಬಿಜಾಪುರದ, ದಿಲ್ಲಿಯ ಸರದಾರರು ಗಡ್ಡ ನೀವುತ್ತ ನಗುವ ಖಳರು. ಫೋರ್ಡ್ ಮುಪ್ಪಿನಲ್ಲಿ, 1964ರಲ್ಲಿ, ‘ಶೆಯೆನ್ ಆಟಮ್’ ಎಂಬ ಚಿತ್ರ ತೆಗೆದು ಆ ಸಾಲವನ್ನು ಕೊಂಚ ತೀರಿಸಲು ನೋಡಿದ. ಭಾಲಜಿ ಹಾಗೆ ತೀರಿಸಿದ್ದನ್ನು ನಾನು ಕಾಣೆ.

ನಮ್ಮ ಸೀಮೆಯವನಾಗಿ ನನಗೆ ಇನ್ನೊಂದು ದೂರಿದೆ. ಶಿವಾಜಿ ಮಹಾರಾಜರ ದಕ್ಷಿಣ ದಂಡಯಾತ್ರೆಯ ಕಾಲಕ್ಕೆ ಬೆಳವಡಿಯ ಮಲ್ಲಮ್ಮ ಮರಾಠರ ಸೈನ್ಯವನ್ನು ಎದುರಿಸಿದ ಕತೆ ಬೈಲಹೊಂಗಲದ ಕಡೆಯ ಹೆಣ್ಣುಮಕ್ಕಳ ಬಾಯಲ್ಲಿ ಇಂದಿಗೂ ಇದೆ. ಧಾರವಾಡದ ಹತ್ತಿರ ಯಾದವಾಡದಲ್ಲಿ ಅದರ ನೆನಪಿನದೆಂದು ಹೇಳುವ ಶಿಲ್ಪವಿದೆ. ಹೆಂಗಸೊಬ್ಬಳ ಶೌರ್ಯವನ್ನೂ ಮಹಾರಾಜರ ಔದಾರ್ಯವನ್ನೂ ಒಟ್ಟಿಗೆ ತೋರಿಸಬಲ್ಲ ಎಂಥ ಕತೆ! ನಾನು ನೋಡಿದ ಭಾಲಜಿಯವರ ಯಾವ ಚಿತ್ರದಲ್ಲಿಯೂ ಅದರ ಸುಳಿವಿಲ್ಲ. ಅವರ ಇತಿಹಾಸ ಕೃಷ್ಣೆಯನ್ನು ದಾಟಿ ಈಚೆಗೆ ಬಂದಾಗಲೆಲ್ಲ ಅದು ದಂಡಿನ ದಾರಿ ಮಾತ್ರ. ಅಲ್ಲಿ ಮನೆಗಳಿಲ್ಲ, ಮನುಷ್ಯರಿಲ್ಲ.

ಆದರೂ ಅವರನ್ನು ಬರಿಯ ಭಜನೆಯ ಇತಿಹಾಸಕಾರರೆಂದು ತಳ್ಳಿಹಾಕುವುದು ನ್ಯಾಯವಲ್ಲ. 1941ರಲ್ಲಿ ‘ಥೋರಾತಾಂಚಿ ಕಮಳಾ’ ತೆಗೆದಾಗ ಅವರು ಆರಿಸಿಕೊಂಡದ್ದು ಸಂಭಾಜಿಯ ಹೆಸರಿಗೆ ಅಂಟಿಕೊಂಡ, ಇತಿಹಾಸಕಾರರು ಒಪ್ಪದ ಒಂದು ಪ್ರಣಯದ ದಂತಕತೆಯನ್ನು. ಶಿವಭಕ್ತನಾದವನು ಶಿವಪುತ್ರನ ವಿಷಯದಲ್ಲಿ ಅಂಥ ಕತೆ ಮುಟ್ಟಬಾರದಿತ್ತೆಂದವರು ಉಂಟು. ಸುಮತಿ ಗುಪ್ತೆ, ಚಂದ್ರಕಾಂತರ ಆ ಜೋಡಿಯನ್ನು ಜನ ಮಾತ್ರ ಹೊತ್ತು ಮೆರೆಸಿದರು. ಮರುವರ್ಷದ ‘ಸೂನಬಾಯಿ’ಯಲ್ಲಿ ಕತ್ತಿಯೂ ಇಲ್ಲ, ಕುದುರೆಯೂ ಇಲ್ಲ, ಅದೊಂದು ಮನೆಯೊಳಗಿನ ಕತೆ. ನನ್ನ ಮಟ್ಟಿಗೆ ಭಾಲಜಿಯ ನಿಜವಾದ ಕೈಗುಣ ಇರುವುದು ಇಂಥ ಒಲೆಯ ಮುಂದಿನ ಚಿತ್ರಗಳಲ್ಲಿ.

1943-44ರ ಸುಮಾರಿಗೆ ಕೊಲ್ಲಾಪುರ ಸಿನೇಟೋನ್ ಅವರ ಕೈಗೆ ಬಂತು. ಅದಕ್ಕೆ ‘ಜಯಪ್ರಭಾ ಸ್ಟುಡಿಯೊ’ ಎಂದು ಹೆಸರಿಟ್ಟರು. ಪೃಥ್ವೀರಾಜ ಕಪೂರ, ದುರ್ಗಾ ಖೋಟೆಯವರಂಥವರು ಮುಂಬಯಿ ಬಿಟ್ಟು ಈ ಊರಿಗೆ ಬಂದು ‘ಮಹಾರಥಿ ಕರ್ಣ’ (1944) ಚಿತ್ರದಲ್ಲಿ ಪಾತ್ರ ಮಾಡಿದರು. 1946ರ ‘ವಾಲ್ಮೀಕಿ’ಯಲ್ಲಿ ಪೃಥ್ವೀರಾಜರು ವಾಲ್ಮೀಕಿ, ಇನ್ನೂ ಮೀಸೆ ಚಿಗುರುತ್ತಿದ್ದ ರಾಜ ಕಪೂರ ನಾರದ. ನಟರು, ಬಡಿಗರು, ದರ್ಜಿಗಳು, ಕುದುರೆಯವರು ಎಲ್ಲರೂ ತಿಂಗಳ ಸಂಬಳದವರು. ಭಾಲಜಿ ಅವರೆಲ್ಲರಿಗೆ ‘ಬಾಬಾ’. ಸಿಟ್ಟು ಬಂದರೆ ಎದುರು ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲವಂತೆ.

ಈ ಬಾಬಾನ ಬಳಿಗೆ ನಮ್ಮ ಕಡೆಯ ಒಬ್ಬ ಹುಡುಗಿ ಬಂದಳು. ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯ ಖಡಕಲಾಟ ಎಂಬ ಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದವಳು. ಹದಿನೈದರ ಪ್ರಾಯದಲ್ಲಿ ಕೊಲ್ಲಾಪುರದಲ್ಲಿ ಮಾಸ್ಟರ್ ವಿನಾಯಕರ ಕಂಪನಿಯಲ್ಲಿ ಸಣ್ಣಪುಟ್ಟ ಪಾತ್ರಕ್ಕೆ ಸೇರಿದಳು. ಅಲ್ಲಿ ಅವಳ ಜೊತೆಗೆ ಇನ್ನೊಬ್ಬ ಬಡ ಹುಡುಗಿ, ಲತಾ ಮಂಗೇಶಕರ. ವಿನಾಯಕರ ಕಂಪನಿ ಮುಂಬಯಿಗೆ ಹೋದ ಮೇಲೆ ಖಡಕಲಾಟದ ಹುಡುಗಿ ಜಯಪ್ರಭಾಕ್ಕೆ ಬಂದಳು. ಅವಳ ಮಾತಿನಲ್ಲಿ ಹಳ್ಳಿಯ ಧಾಟಿ ಇತ್ತು. ಗಡಿಯ ಮಾತು ಎಂಥದೆಂದು ನಮಗೆ ಗೊತ್ತೇ ಇದೆ: ಮರಾಠಿಯ ಬೆನ್ನ ಮೇಲೆ ಕನ್ನಡ, ಕನ್ನಡದ ಕಂಕುಳಲ್ಲಿ ಮರಾಠಿ. ಸ್ಟುಡಿಯೊದ ಪೇಟೆಯ ಮಂದಿ ನಕ್ಕರು. ಭಾಲಜಿ ನಗಲಿಲ್ಲ, ನಾಲಗೆ ತಿದ್ದಲೆಂದು ಅವಳನ್ನು ಸಂಸ್ಕೃತ ಓದಲು ಕೂರಿಸಿದರು ಎಂದು ಹೇಳುತ್ತಾರೆ. ಅವಳ ಕಣ್ಣುಗಳನ್ನು ನೋಡಿ ‘ಸುಲೋಚನಾ’ ಎಂದು ಹೆಸರಿಟ್ಟವರೂ ಅವರೇ. ಕನ್ನಡದ ಮೊದಲ ಮಾತಿನ ಚಿತ್ರದ ಹೆಸರೂ ಅದೇ, ಊರೂ ಅದೇ. ಕಾಕತಾಳೀಯವೆಂದು ಬಿಟ್ಟುಬಿಡಬಹುದು, ನನಗೆ ಮಾತ್ರ ಬಿಡಲು ಮನಸ್ಸಾಗುವುದಿಲ್ಲ. ಮುಂದೆ ಸುಲೋಚನಾ ಲಾಟಕರ ಎಂದು ಮರಾಠಿಗರ ಮನೆಮನೆಯ ಅತ್ತಿಗೆಯಾಗಿ, ತಾಯಿಯಾಗಿ, ಹಿಂದಿ ಚಿತ್ರಗಳ ನಾಯಕರೆಲ್ಲರ ಅವ್ವನಾಗಿ, 1999ರಲ್ಲಿ ಪದ್ಮಶ್ರೀ ಪಡೆದವರು ಈ ಖಡಕಲಾಟದವರೇ. ಆ ‘ಲಾಟಕರ’ ಎಂಬ ಅಡ್ಡಹೆಸರಿನಲ್ಲಿ ನಮ್ಮ ಊರು ಅಡಗಿ ಕುಳಿತದ್ದನ್ನು ಎಷ್ಟು ಜನ ಗಮನಿಸಿದ್ದಾರೋ!

ಇನ್ನು ಡಬ್ಬಿಯ ಮಾತಿಗೆ ಬರುತ್ತೇನೆ.

1948ರ ಜನವರಿ 30ರಂದು ದಿಲ್ಲಿಯಲ್ಲಿ ಗಾಂಧೀಜಿಯ ಕೊಲೆಯಾಯಿತು. ಕೊಂದವನು ಪುಣೆಯ ಚಿತ್ಪಾವನ ಬ್ರಾಹ್ಮಣನೆಂಬ ಸುದ್ದಿ ಹಬ್ಬುತ್ತಲೇ ಕೊಲ್ಲಾಪುರ, ಸಾಂಗಲಿ, ಸಾತಾರೆಗಳಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಅದರಲ್ಲಿ ದುಃಖವಿತ್ತು, ಸಿಟ್ಟಿತ್ತು, ಹಳೆಯ ಸಾಲಪತ್ರಗಳನ್ನು ಸುಡುವ ಆತುರವಿತ್ತು, ಸುಲಿಗೆಯೂ ಇತ್ತು. ಭಾಲಜಿ ಬ್ರಾಹ್ಮಣರು, ಮೇಲಾಗಿ ಹಿಂದೂ ಸಂಘಟನೆಯ ರಾಜಕಾರಣದತ್ತ ಒಲಿದವರು, ಆ ಒಲವನ್ನು ಬಚ್ಚಿಟ್ಟವರಲ್ಲ. ಗುಂಪು ಜಯಪ್ರಭಾಕ್ಕೆ ಬಂತು. ಸ್ಟುಡಿಯೊ ಉರಿಯಿತು.

ಆ ಕಾಲದ ಫಿಲ್ಮು ನೈಟ್ರೇಟಿನದು. ಬಂದೂಕಿನ ಮದ್ದಿಗೂ ಅದಕ್ಕೂ ಹತ್ತಿರದ ನೆಂಟಸ್ತನ. ಒಮ್ಮೆ ಹೊತ್ತಿದರೆ ನೀರಿಗೂ ಆರದು. ಉರಿಯಲು ಬೇಕಾದ ಪ್ರಾಣವಾಯುವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ತಯಾರಾಗುತ್ತಿದ್ದ ‘ಮೀಠಭಾಕರ’ ಎಂಬ ಚಿತ್ರದ ಪ್ರತಿಯೂ ಆ ಬೆಂಕಿಗೆ ಆಹುತಿಯಾಯಿತು. ಉಪ್ಪು ರೊಟ್ಟಿ ಎಂದು ಆ ಹೆಸರಿನ ಅರ್ಥ.

ನಮ್ಮ ಅಪ್ಪ ಆ ದಿನಗಳಲ್ಲಿ ಕೊಲ್ಲಾಪುರದಲ್ಲಿದ್ದರು. ಬೆಲ್ಲದ ಹಂಗಾಮು. ಶಾಹುಪುರಿಯ ಪೇಟೆಗೆ ಗಾಡಿ ಹೊಡೆದುಕೊಂಡು ಹೋಗಿದ್ದವರು ಊರೆಲ್ಲ ಹೊತ್ತಿದ್ದರಿಂದ ಅಲ್ಲಿಯೇ ಸಿಕ್ಕಿಹಾಕಿಕೊಂಡರು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಮೂರನೆಯ ದಿನ ಬರಿಗಾಡಿಯೊಡನೆ ಮನೆಗೆ ಬಂದಾಗ ಗಾಡಿಯಲ್ಲಿ ಹುಲ್ಲಿನ ಕೆಳಗೆ ಈ ಡಬ್ಬಿ ಇತ್ತೆಂದು ಅವ್ವ ಒಮ್ಮೆ ಹೇಳಿದ್ದಳು. ಅಪ್ಪ ಗಾಂಧೀಜಿಯ ಭಕ್ತರು. ಸುದ್ದಿ ಕೇಳಿ ಎರಡು ದಿನ ಊಟ ಮಾಡಿರಲಿಲ್ಲ. ಅಂಥವರು ಉರಿಯುವ ಸ್ಟುಡಿಯೊದ ಹತ್ತಿರ ಏಕೆ ಹೋದರು, ನೋಡಲು ಹೋದರೋ ಕೂಡಿಕೊಳ್ಳಲು ಹೋದರೋ, ಇದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ.

ಭಾಲಜಿ ಏನು ಮಾಡಿದರೆಂಬುದು ದಾಖಲೆಯಲ್ಲಿದೆ. ಆಗ ಅವರಿಗೆ ಐವತ್ತೊಂದರ ಹತ್ತಿರ ವಯಸ್ಸು. ಬೂದಿ ಗುಡಿಸಿ, ಸಾಲ ಎತ್ತಿ, ಸುಟ್ಟುಹೋದ ‘ಮೀಠಭಾಕರ’ವನ್ನು ಮೊದಲಿನಿಂದ ಮತ್ತೆ ತೆಗೆದು 1949ರಲ್ಲಿ ಹೊರತಂದರು. ಸುಲೋಚನಾ, ಚಂದ್ರಕಾಂತರೇ ಮತ್ತೆ ಪಾತ್ರ ಮಾಡಿದರು. ಮುಂಬಯಿಗೆ ಹೋಗಬಹುದಿತ್ತು, ಹೋಗಲಿಲ್ಲ. ತನ್ನ ಸ್ಟುಡಿಯೊ ಸುಟ್ಟ ಊರಿನ ಮಂದಿಯನ್ನೇ ಮರಳಿ ಕೆಲಸಕ್ಕೆ ಇಟ್ಟುಕೊಂಡು ಅದೇ ನೆಲದ ಮೇಲೆ ಸ್ಟುಡಿಯೊ ಕಟ್ಟಿದರು. ಅವರ ರಾಜಕಾರಣ ನನಗೆ ಸೇರದು. ಮನುಷ್ಯರನ್ನು ಹುಟ್ಟಿನಿಂದ ಎರಡು ದಂಡು ಮಾಡಿ ನೋಡುವ ದೃಷ್ಟಿ ಅವರ ಚಿತ್ರಗಳನ್ನು ಬಡವಾಗಿಸಿತೆಂದೇ ನನ್ನ ಎಣಿಕೆ. ಆದರೆ ಅದೇ ದೃಷ್ಟಿಯ ಇನ್ನೊಂದು ಮುಖ ಅವರ ಸ್ಟುಡಿಯೊದ ಬಾಗಿಲಿಗೂ ಕೈಯಲ್ಲಿ ಕೊಳ್ಳಿ ಹಿಡಿದು ಬಂದಿತ್ತಲ್ಲ! ಹುಟ್ಟಿದ ಜಾತಿಗಾಗಿ ಒಬ್ಬನ ಜೀವಮಾನದ ದುಡಿಮೆಯನ್ನು ಸುಟ್ಟವರಿಗೆ ಗಾಂಧೀಜಿಯ ಹೆಸರು ಹೇಳುವ ಹಕ್ಕಿರಲಿಲ್ಲ.

1952ರಲ್ಲಿ ಅವರು ‘ಛತ್ರಪತಿ ಶಿವಾಜಿ’ಯನ್ನು ಮರಾಠಿ, ಹಿಂದಿ ಎರಡರಲ್ಲೂ ತೆಗೆದರು. ಚಂದ್ರಕಾಂತರು ಶಿವಾಜಿ; ಪೃಥ್ವೀರಾಜರು ಜಯಸಿಂಗ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಶಿವಾಜಿಯ ಪಟವೆಂದು ತೂಗಿದ್ದು ಚಂದ್ರಕಾಂತರ ಮುಖದ ಪಟ. ಸಾಲ ಮಾತ್ರ ಇಳಿಯಲಿಲ್ಲ. ಮುಂದೆ ಸ್ಟುಡಿಯೊದ ಒಡೆತನ ಲತಾ ಮಂಗೇಶಕರರ ಕೈಗೆ ಹೋಯಿತು. ಭಾಲಜಿ ಅಲ್ಲಿಯೇ ಚಿತ್ರ ತೆಗೆಯುತ್ತ ಉಳಿದರು. ಲತಾ ಅವರು ‘ಆನಂದಘನ’ ಎಂಬ ಮರೆಹೆಸರಿನಲ್ಲಿ ಭಾಲಜಿಯ ನಾಲ್ಕು ಚಿತ್ರಗಳಿಗೆ ಸಂಗೀತ ಕೊಟ್ಟರು: ‘ಮೋಹಿತ್ಯಾಂಚಿ ಮಂಜುಳಾ’ (1963), ‘ಮರಾಠಾ ತಿತುಕಾ ಮೇಳವಾವಾ’ (1964), ‘ಸಾಧಿ ಮಾಣಸ’ (1965), ‘ತಾಂಬಡಿ ಮಾತಿ’ (1969). ಮಹಾರಾಷ್ಟ್ರ ಸರಕಾರದ ಸಂಗೀತ ಬಹುಮಾನ ಆನಂದಘನನಿಗೆ ಬಂದಾಗ ವೇದಿಕೆ ಏರಿದವರನ್ನು ಕಂಡು ಜನ ಬೆರಗಾದದ್ದು ಮರಾಠಿಯಲ್ಲಿ ಇಂದಿಗೂ ಹೇಳುವ ಕತೆ.

‘ಸಾಧಿ ಮಾಣಸ’ವನ್ನು ನಾನು ನೋಡಿದ್ದು ಹೈಸ್ಕೂಲಿನ ಕೊನೆಯ ದಿನಗಳಲ್ಲಿ, ನಿಪ್ಪಾಣಿಯಲ್ಲಿ, ಅಪ್ಪನ ಜೊತೆ. ಆಗ ನಮ್ಮ ಸೀಮೆ ಕಾದ ಹೆಂಚಿನಂತಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದದ್ದು, ಆಮೇಲೆ ಸತ್ಯಾಗ್ರಹ, ಕಲ್ಲು, ಲಾಠಿ. 1966ರಲ್ಲಿ ಮಹಾಜನ ಆಯೋಗ, ಮರುವರ್ಷ ಅದರ ವರದಿ. ಬೆಳಗಾವಿ ಕರ್ನಾಟಕದಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ, ನಂದಗಡಗಳು ಸೇರಿ 264 ಹಳ್ಳಿ-ಪಟ್ಟಣಗಳು ಅತ್ತ ಹೋಗಲಿ, ಅತ್ತಲಿನ 247 ಇತ್ತ ಬರಲಿ ಎಂದು ಆ ವರದಿ ಹೇಳಿತು. ಯಾವುದೂ ಎತ್ತಲೂ ಹೋಗಲಿಲ್ಲ, ಅನುಮಾನ ಮಾತ್ರ ಮನೆಗಳೊಳಗೆ ಬಂದು ಕುಳಿತಿತು. ಮರಾಠಿ ಚಿತ್ರ ನೋಡಲು ಹೋದ ಕನ್ನಡದ ಹುಡುಗನನ್ನು ಗೆಳೆಯರು, “ಏನಲೇ, ಆ ಕಡೆ ಹೊಂಟೆನು?” ಎಂದು ಕೆಣಕುತ್ತಿದ್ದ ಕಾಲ.

ಆ ಚಿತ್ರದಲ್ಲಿ ರಾಜನಿಲ್ಲ, ಕುದುರೆಯಿಲ್ಲ. ಒಬ್ಬ ಕಮ್ಮಾರ, ಅವನ ಹೆಂಡತಿ. ಹಳ್ಳಿ ಬಿಟ್ಟು ಪೇಟೆ ಸೇರಿ ಪಡುವ ಪಾಡು. ಸೂರ್ಯಕಾಂತ ಸುತ್ತಿಗೆ ಎತ್ತುತ್ತಾರೆ, ಜಯಶ್ರೀ ಗಡಕರ ತಿದಿ ಒತ್ತುತ್ತಾರೆ. ಅಡಿಗಲ್ಲನ್ನೇ ದೇವರೆಂದು ಕರೆದು ಹಾಡುವ ಜಗದೀಶ ಖೇಬೂಡಕರರ ಆ ಹಾಡು ಬರುತ್ತದೆ. ಸುತ್ತಿಗೆಯ ಪೆಟ್ಟೇ ತಾಳ. ನಮ್ಮ ಊರ ಕಮ್ಮಾರಸಾಲೆಯಲ್ಲಿ ಕೇಳುವ ಸದ್ದು ಅದೇ. ಅದು ಮರಾಠಿಯಲ್ಲಿ ಬಡಿಯುತ್ತಿದೆಯೆಂದು ನನಗೆ ಅನಿಸಲೇ ಇಲ್ಲ. ಮಗ್ಗುಲಲ್ಲಿ ನೋಡಿದರೆ ಅಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಡಿಗೆ ಅತ್ತರೆಂದು ಅಂದು ತಿಳಿದಿದ್ದೆ. ಆ ಚಿತ್ರಕ್ಕೆ ಅತ್ಯುತ್ತಮ ಮರಾಠಿ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ನಾಲ್ಕು ವರ್ಷಗಳ ಮೇಲೆ ‘ತಾಂಬಡಿ ಮಾತಿ’ಗೂ ಬಂತು. ದಾದಾ ಕೋಂಡಕೆ ಎಂಬ ನಗೆಗಾರ ಮೊದಲು ತೆರೆಯ ಮೇಲೆ ಕಾಣಿಸಿಕೊಂಡದ್ದು ಈ ಎರಡನೆಯದರಲ್ಲಿ. ಶಿವಾಜಿಯ ಕಾಲದ ಮಾತಿನ ಗಾಂಭೀರ್ಯವನ್ನು ಕಲಿಸಿದ ಗುರುವಿನ ಮನೆಯಿಂದ ಎರಡರ್ಥದ ಮಾತಿನ ದಾದಾ ಹೊರಟರೆಂಬುದು ಒಂದು ತಮಾಷೆ.

ಅಪ್ಪ ತೀರಿಕೊಂಡದ್ದು 1985ರಲ್ಲಿ. ಹಾಸಿಗೆ ಹಿಡಿದ ಮೇಲೆ ಒಂದು ರಾತ್ರಿ ತಾವಾಗಿಯೇ ಮಾತು ತೆಗೆದರು.

“ತಮ್ಮಾ, ಆ ಡಬ್ಬಿ ನಾ ಕೊಂಡು ತಂದದ್ದಲ್ಲೋ.”

“ಗೊತ್ತೈತಿ ಅಪ್ಪಾ,” ಎಂದೆ.

“ಎಲ್ಲಾರೂ ಏನೇನರ ಒಯ್ಯಾಕತ್ತಿದ್ರು. ಕುರ್ಚಿ, ಪಡದೆ, ಕತ್ತಿ. ಒಬ್ಬಾಂವ ರಾಜನ ಕಿರೀಟಾ ಇಟಗೊಂಡು ಕುಣ್ಯಾಕತ್ತಿದ್ದ. ನಾ ನಿಂತು ನೋಡಿದೆ. ಬ್ಯಾಡ ಅಂತ ಅನ್ನಲಿಲ್ಲ. ಆಮ್ಯಾಲೆ ಕಾಲಾಗ ಬಿದ್ದಿತ್ತು ನೋಡು, ನಾನೂ ಒಂದು ಎತಗೊಂಡೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೂ ಬಿಸಿ ಇತ್ತು,” ಎಂದರು.

ಮರುವರ್ಷ ಆ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಕೊಲ್ಲಾಪುರಕ್ಕೆ ಹೋದೆ. ಭಾಲಜಿಗೆ ಆಗ ತೊಂಬತ್ತರ ಹತ್ತಿರ ವಯಸ್ಸು. ಆ ಪ್ರಾಯದಲ್ಲೂ ಚಿತ್ರದ ಕೆಲಸ ಬಿಟ್ಟಿರಲಿಲ್ಲವೆಂದು ಕೇಳಿದ್ದೆ. ಜಯಪ್ರಭಾದ ಹೆಬ್ಬಾಗಿಲ ತನಕ ಹೋಗಿ ನಿಂತೆ. ಏನೆಂದು ಹೇಳುವುದು? ‘ನಿಮ್ಮದೊಂದು ಡಬ್ಬಿ ನಮ್ಮ ಮನೆಯಲ್ಲಿ ಮೂವತ್ತೆಂಟು ವರ್ಷ ಇತ್ತು, ಬೀಜ ಇಡುತ್ತಿದ್ದೆವು’ ಎಂದೇ? ಕಾವಲುಗಾರ ಯಾರು ಬೇಕೆಂದು ಕೇಳಿದ. ಯಾರೂ ಬೇಡವೆಂದು ಹೇಳಿ, ಚಹದಂಗಡಿಯಲ್ಲಿ ಅರ್ಧ ಗಂಟೆ ಕುಳಿತು, ನಿಪ್ಪಾಣಿಯ ಬಸ್ಸು ಹತ್ತಿದೆ. ಅಪ್ಪ ಬೇಡವೆನ್ನದೆ ನಿಂತರು. ನಾನು ತಪ್ಪಾಯಿತೆನ್ನದೆ ಬಂದೆ.

ಭಾಲಜಿಯವರಿಗೆ 1991ನೆಯ ವರ್ಷದ ದಾದಾಸಾಹೇಬ ಫಾಳಕೆ ಪ್ರಶಸ್ತಿ ಬಂತು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಸಾಧಾ ಮಾಣೂಸ’, ಸಾದಾ ಮನುಷ್ಯ. ಅಷ್ಟು ಜಗಳಗಳನ್ನು ಮೈಮೇಲೆ ಎಳೆದುಕೊಂಡವರು ಸಾದಾ ಮನುಷ್ಯರೇನೂ ಆಗಿರಲಿಲ್ಲ. ಆದರೂ ಆ ಹೆಸರಿನ ಆಸೆ ಅವರಿಗಿತ್ತೆಂಬುದನ್ನು ನಾನು ಮೆಚ್ಚುತ್ತೇನೆ. 1994ರ ನವೆಂಬರ್ 26ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಹೋದ ಮೇಲೂ ಸ್ಟುಡಿಯೊದ ಸುತ್ತಲಿನ ಗದ್ದಲ ನಿಲ್ಲಲಿಲ್ಲ. ಅದರ ನೆಲ ಮಾರಾಟದ ಸುದ್ದಿ ಬಂದಾಗಲೆಲ್ಲ ಕೊಲ್ಲಾಪುರದ ಕಲಾವಿದರು ಬೀದಿಗಿಳಿದರು. 2012ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ. ಒಂದು ಕಾಲಕ್ಕೆ ಊರಿನ ಜನ ಸುಟ್ಟ ಜಾಗವನ್ನು ಅದೇ ಊರಿನ ಮೊಮ್ಮಕ್ಕಳು ಉಳಿಸಿಕೊಳ್ಳಲು ಉಪವಾಸ ಕುಳಿತರು. ಖಡಕಲಾಟದ ಸುಲೋಚನಾಬಾಯಿ ಮುಂಬಯಿಯಲ್ಲಿ 2023ರ ಜೂನ್ 4ರಂದು ತೀರಿಕೊಂಡರು. ಆ ವಾರ ನಾನು ಖಡಕಲಾಟಕ್ಕೆ ಹೋಗಿದ್ದೆ. ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕುಳಿತ ಮುದುಕರಿಬ್ಬರು ಅವರ ಚಿತ್ರಗಳ ಹೆಸರುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು, ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ.

ನಮ್ಮ ಹೊಲದಲ್ಲಿ ಈಗ ತಂಬಾಕು ಇಲ್ಲ, ಕಬ್ಬು. ಡಬ್ಬಿಯಲ್ಲಿ ಕಂದಾಯದ ಪಾವತಿಗಳನ್ನು ಇಟ್ಟಿದ್ದೇನೆ. ಮುಚ್ಚಳ ಇನ್ನೂ ಬಿಗಿಯಾಗಿಯೇ ಕೂರುತ್ತದೆ.